ಸಾಹುಕಾರರ ಸೋಡಾ ಗ್ಯಾಸು

“ಇದಕ್ಕ ಬೆಸುಗಿ ಅಂತಾರೇನಲೇ ಹನಮಿ, ಇಲ್ಲಾ ಹಂದಿ ಬಂದು ಹೇತು ಹೋಗೇತಿ?”

ಪುಂಡಲೀಕಪ್ಪ ಸಾಹುಕಾರರು ಹಾಲಿನ ಟ್ಯಾಂಕಿನ ಅಂಚನ್ನು ಚಪ್ಪಲಿಯ ತುದಿಯಿಂದ ತಿವಿದು ತೋರಿಸಿದರು. ಬೆರಳಿನಿಂದ ತೋರಿಸಬಹುದಿತ್ತು. ಆದರೆ ಬೆರಳಿಗೆ ಉಂಗುರಗಳಿದ್ದವು, ಮಸಿ ಹತ್ತುತ್ತಿತ್ತು. ಹೊಸ ಸ್ಟೀಲಿನ ಹಾಳೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಎರಡು ಹಾಳೆ ಕೂಡುವ ಕಡೆ ಮಾತ್ರ ಕರ್ರಗೆ, ಗುಳ್ಳೆಗುಳ್ಳೆಯಾಗಿ, ಕೆಂಡದಲ್ಲಿ ಹಾಕಿ ಮರೆತ ಬದನೆಕಾಯಿಯ ಸಿಪ್ಪೆಯಂತಾಗಿತ್ತು.

ಹನಮಂತವ್ವ ಹೆಲ್ಮೆಟ್ ಎತ್ತಿ ನೋಡಿದಳು. ಅವಳಿಗೂ ಅದು ಬದನೆಕಾಯಿಯಂತೆಯೇ ಕಂಡಿತು. ಆದರೆ ಅದೇ ಟ್ಯಾಂಕಿನ ಇನ್ನೊಂದು ಅಂಚಿಗೆ ನಿನ್ನೆ ಇದೇ ಕೈ ಹಾಕಿದ ಬೆಸುಗೆ ಬೇರೆಯೇ ಇತ್ತು. ಬೆಳ್ಳಿಯ ಬಣ್ಣ, ಅಂಚಿನಲ್ಲಿ ತುಸು ಹೊಂಬಣ್ಣ, ಒಂದರ ಮೇಲೊಂದು ಒರಗಿದ ಮೀನಿನ ಹುರುಪೆಯ ಹಾಗೆ ಸಾಲು.

“ನಿನ್ನೆ ಚೊಲೋ ಬಂದಿತ್ತರಿ ಸಾವಕಾರ್ರ. ಇವತ್ತಽ ಏನಾಗೇತೋ ತಿಳೀವಲ್ದು.”

“ಏನಾಗೇತಿ? ಕಸಬರಿಗಿ ಹಿಡಿಯೋ ಕೈಯಾಗ ಟಾರ್ಚ್ ಕೊಟ್ಟೇನಿ, ಅದಾಗೇತಿ! ಆ ಉಸ್ಮಾನಸಾಬನ ಮಾತ ಕೇಳಿ ಕೆಟ್ಟೆ. ನಿಮ್ಮಪ್ಪ ನಮ್ಮ ಹೊಲದಾಗ ಸತ್ತ ಎತ್ತು ಎಳೀತಿದ್ದ. ನೀ ಇಲ್ಲಿ ಕುಂತು ಸ್ಟೀಲ್ ಎಳ್ಯಾಕ ಹತ್ತೀದಿ. ಇದನ್ನ ಕೊರದು ತಗದು ಮತ್ತ ಹಚ್ಚು. ಇನ್ನೊಮ್ಮೆ ಹಿಂಗ ಬಂತಂದ್ರ ಕಸಬರಿಗಿನಽ ಗತಿ ನಿನಗ.”

ಹೀಗೆ ಹೇಳಿ ಸಾಹುಕಾರರು ಮೂಲೆಯಲ್ಲಿದ್ದ ತಮ್ಮ ಹರವಿಯ ತಣ್ಣೀರು ಕುಡಿದು, ತೇಗಿ, ಕುರ್ಚಿಗೆ ಹೋಗಿ ಕೂತರು.

ಹನಮಂತವ್ವ ತುಂಗಭದ್ರೆಯ ದಂಡೆಯ ಹಮ್ಮಿಗಿಯವಳು. ಅವಳ ಅಪ್ಪ ಚರ್ಮ ಹದ ಮಾಡುತ್ತಿದ್ದ. ಸಾಹುಕಾರರ ಮನೆಗೆ ಮಿಣಿ, ಬಾರುಕೋಲು, ಕಾಲಿಗೆ ಕೆರ ಎಲ್ಲ ಅವನ ಕೈಯಿಂದಲೇ ಹೋಗುತ್ತಿದ್ದವು. ಸಾಹುಕಾರರು ಹೊಲ ಪಾಲಿಗೆ ಹಚ್ಚಿ ಬೆಟಗೇರಿಗೆ ಬಂದು ಸ್ಟೀಲಿನ ಕಾರಖಾನೆ ಹಾಕಿದಾಗ, ಊರಿನಲ್ಲಿದ್ದ ಅಂತರವನ್ನೂ ಸಾಮಾನಿನ ಸಂಗಡ ಲಾರಿಯಲ್ಲಿ ಹೇರಿಕೊಂಡು ಬಂದಿದ್ದರು. ಕೆಲಸದವರಿಗೆ ಅಂಗಳದ ಪ್ಲಾಸ್ಟಿಕ್ ಡ್ರಮ್ಮಿನ ನೀರು, ಸಾಹುಕಾರರಿಗೆ ಮಣ್ಣಿನ ಹರವಿ. ಹರವಿಯ ಸುತ್ತ ಗೆರೆಯೇನೂ ಎಳೆದಿರಲಿಲ್ಲ. ಎಳೆಯುವ ಅಗತ್ಯವೂ ಇರಲಿಲ್ಲ.

ಮೂರು ವರ್ಷ ಅವಳು ಅಲ್ಲಿ ಕಸ ಹೊಡೆದಳು. ಒಂದು ದಿನ ಊಟದ ಹೊತ್ತಿನಲ್ಲಿ ಗೋಡೆಗೆ ಒರಗಿ ಕೌದಿ ಹೊಲಿಯುತ್ತಿದ್ದಾಗ ಮುದಿ ವೆಲ್ಡರ್ ಉಸ್ಮಾನಸಾಬ ಬಂದು ಮೊಣಕಾಲೂರಿ ಕೂತು, ಹೊಲಿಗೆಯನ್ನು ಮೂಗಿಗೆ ಹತ್ತುವಷ್ಟು ಸಮೀಪ ಹಿಡಿದು ನೋಡಿದ. “ಅಕ್ಕಿಕಾಳು ಸಾಲಾಗಿ ಇಟ್ಟಂಗ ಐತಲ್ಲ ಮಗಳ! ಈ ಕೈಗೆ ಯಾವ ಭಾಡ್ಯಾ ಕಸಬರಿಗಿ ಕೊಟ್ಟಾನ?” ಅಂದ. ಸಾಹುಕಾರರು ಕೇಳಿಸಿಕೊಂಡರೋ ಇಲ್ಲವೋ, ಕೇಳಿಸಲೆಂದೇ ಅಂದ.

ಅಂದಿನಿಂದ ಪಾಠ ಶುರುವಾಯಿತು. ಅವಳ ಸಂಗಡ ಸೀಮಾ ಎಂಬ ಹುಡುಗಿಯೂ ಸೇರಿದಳು. ಐಟಿಐ ಮುಗಿಸಿ, ಪ್ರಮಾಣಪತ್ರ ಹಿಡಿದು ಬಂದರೂ ಅವಳ ಕೈಗೆ ಇನ್ನೂ ಸ್ಟೀಲು ಉಜ್ಜುವ ಕೆಲಸವನ್ನೇ ಕೊಟ್ಟಿದ್ದರು. ಬಲಗೈಯಲ್ಲಿ ಟಾರ್ಚ್, ಎಡಗೈಯಲ್ಲಿ ಸಣ್ಣ ತಂತಿ. ಟಾರ್ಚಿನ ಬಾಯಲ್ಲಿ ಟಂಗ್‌ಸ್ಟನ್ ಸೂಜಿ. ಸೂಜಿಯ ತುದಿಯಿಂದ ಬೆಂಕಿ ಜಿಗಿದು ಸ್ಟೀಲು ಕರಗಿ ಹನಿಯಾಗುತ್ತದೆ. ಹನಿಗೆ ತಂತಿ ಮುಟ್ಟಿಸು, ಮುಂದೆ ಸರಿ, ಮತ್ತೆ ಮುಟ್ಟಿಸು.

“ಕರಗಿದ ಸ್ಟೀಲು ಅಂದ್ರ ಹಸಿ ಬಾಣಂತಿ ಇದ್ದಂಗ,” ಅನ್ನುತ್ತಿದ್ದ ಉಸ್ಮಾನಸಾಬ. “ಗಾಳಿ ತಾಕಬಾರದು. ತಾಕ್ತು ಅಂದ್ರ ಕರ್ರಗಾಗಿ ಕೂಡ್ತೈತಿ. ಅದಕ್ಕಽ ಟಾರ್ಚಿನ ಬಾಯಿಂದ ಆರ್ಗಾನ್ ಗ್ಯಾಸ್ ಬಿಡೂದು. ಆರ್ಗಾನ್ ಅಂದ್ರ ಭಾಳ ಸಂಭಾವಿತ. ಯಾರ ತಂಟೆಗೂ ಹೋಗಂಗಿಲ್ಲ, ಸುಮ್ಮನ ಕೌದಿ ಹೊಚ್ಚಿದಂಗ ಬೆಸುಗಿ ಮ್ಯಾಲ ಕುಂಡ್ರತೈತಿ. ಬೆಂಕಿ ಆರಿದ ಮ್ಯಾಲೂ ಟಾರ್ಚ್ ಜಲ್ದಿ ಎತ್ತಬ್ಯಾಡ. ಐದಾರು ಎಣಸು. ಬಾಣಂತಿ ಮೈ ಆರೂತನಕ ಕೌದಿ ತಗಿತಾರೇನು?”

ಮೈ ಸುಡುವ ಪಾಠವೂ ಇತ್ತು. ಸಾಹುಕಾರರು ತಮ್ಮ ಹೆಸರು ಬರೆಸಿ ಎಲ್ಲರಿಗೂ ನೈಲಾನ್ ಟೀ-ಶರ್ಟು ಹಂಚಿದ್ದರು. ಉಸ್ಮಾನಸಾಬ ಅವನ್ನು ನೆಲ ಒರೆಸಲು ಇಟ್ಟ. “ಕಿಡಿ ಬಿದ್ರ ಇದು ಉರಿಯಂಗಿಲ್ಲ, ಕರಗಿ ಚರ್ಮಕ್ಕ ಅಂಟತೈತಿ. ಆಮ್ಯಾಲೆ ಸಾವಕಾರ್ರ ಹೆಸರು ನಿನ್ನ ಬೆನ್ನ ಮ್ಯಾಲ ಕಾಯಂ ಆಗಿ ಉಳೀತೈತಿ.” ಹನಮಂತವ್ವ ಗಂಡನ ಹಳೆಯ ಹತ್ತಿ ಅಂಗಿಯನ್ನು ಸೀರೆಯ ಮೇಲೆ ತೊಟ್ಟು ಕೊರಳ ತನಕ ಗುಂಡಿ ಹಾಕಿಕೊಂಡು ಬರತೊಡಗಿದಳು. ಮೊದಮೊದಲು ಗುಂಡಿ ಬಿಟ್ಟಿದ್ದಕ್ಕೆ ಎದೆಯ ಮೇಲೆ ಕುಪ್ಪಸದ ಆಕಾರಕ್ಕೇ ಬಿಸಿಲುಗೆಂಪು ಎದ್ದಿತ್ತು. ಬೆಸುಗೆಯ ಬೆಳಕು ಮುಟ್ಟದೆಯೇ ಸುಡುವಂಥದ್ದು.

ಕೈಗವಸು ಮಾತ್ರ ಸಿಗಲಿಲ್ಲ. ಇರಲಿಲ್ಲವೆಂದಲ್ಲ. ಮೆತ್ತನೆಯ ಆಡಿನ ಚರ್ಮದ ಎರಡು ಜೊತೆ ಸಾಹುಕಾರರ ಗಾಜಿನ ಕಪಾಟಿನಲ್ಲಿ ಬೀಗದೊಳಗಿದ್ದವು. ಮಹಾನವಮಿಗೆ ಅವಕ್ಕೂ ಕುಂಕುಮ ಹಚ್ಚಿ ಊದಿನಕಡ್ಡಿ ಬೆಳಗಿದ್ದರು. ಯಾರಾದರೂ ದೊಡ್ಡವರು ಕಾರಖಾನೆ ನೋಡಲು ಬಂದಾಗ ತೋರಿಸಲು ಬೇಕಲ್ಲ.

ಇಷ್ಟರಲ್ಲಿ ಉಸ್ಮಾನಸಾಬ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಗೆ ಹೋದ. ಮರುದಿನವೇ ಹೊಸ ಸಿಲಿಂಡರ್ ಬಂತು. ಸಾಹುಕಾರರು ಸ್ವತಃ ನಿಂತು ಇಳಿಸಿ, ಅದರ ಕೊರಳಿಗೆ ಒಂದು ಲಕ್ಷ್ಮಿಯ ಚಿತ್ರ ಅಂಟಿಸಿ, “ಯಾರೂ ಮುಟ್ಟಬ್ಯಾಡ್ರಿ, ಮೈಲಿಗಿ ಆಕ್ಕೈತಿ” ಅಂದಿದ್ದರು. ಅಂದೇ ಬೆಸುಗೆ ಕಪ್ಪಾಯಿತು, ಅಂದೇ ಈ ಬೈಗುಳವೂ ಬಿತ್ತು.

ಬೈಸಿಕೊಂಡ ಹನಮಂತವ್ವ ಕಪ್ಪು ಬೆಸುಗೆಯ ಒಂದು ತುಂಡು ಕೊರೆದು ತೆಗೆದು, ಬೇರೆ ತುಂಡಿನ ಮೇಲೆ ಮತ್ತೆ ಮತ್ತೆ ಹಚ್ಚಿ ನೋಡಿದಳು. ಸೂಜಿ ಚಟಪಟ ಅಂದಿತು, ಹೊಗೆ ಬಂತು, ಕಪ್ಪಾಯಿತು. ಸಿಟ್ಟಿನಿಂದ ತುಂಡನ್ನು ಬೆಂಚಿನ ಮೇಲೆ ಸರಿಸಿದಳು. ಬಿಸಿ ತುಂಡಿನ ಪಕ್ಕದಲ್ಲಿ ಸೀಮೆಸುಣ್ಣದ ಖಡುವಿನಿಂದ ‘ಬಿಸಿ’ ಎಂದು ಬರೆಯಬೇಕು. ಉಸ್ಮಾನಸಾಬನ ಕಟ್ಟಳೆ ಅದು. ಅಂದು ಕಿವಿಯಲ್ಲಿ ಹಂದಿಯ ಮಾತೇ ಗುಂಯ್‌ಗುಡುತ್ತಿದ್ದ ಕಾರಣ ಬರೆಯಲಿಲ್ಲ.

ಸೀಮಾ ಬಂದು ಉಜ್ಜಲೆಂದು ಅದನ್ನು ಎತ್ತಿದಳು. ಕೆಂಪಗಿದ್ದರೆ ಯಾರೂ ಮುಟ್ಟರು. ಕೆಂಪು ಹೋಗಿ ಎಷ್ಟೋ ಹೊತ್ತಿನ ತನಕ ಸ್ಟೀಲು ಒಳಗೊಳಗೇ ಕಾದಿರುತ್ತದೆ, ಮೇಲೆ ಮಾತ್ರ ಏನೂ ಅರಿಯದ ಮುಖ ಮಾಡುತ್ತದೆ.

“ಯವ್ವಾ ಸತ್ತೆಽ!”

ತುಂಡು ನೆಲಕ್ಕೆ ಬಿತ್ತು. ಸಾಹುಕಾರರು ಕುರ್ಚಿಯಿಂದ ಎದ್ದು, ತಮ್ಮ ಮುಖ ತೊಳೆಯುವ ಜಾಗದಿಂದ ಹಲ್ಲುಜ್ಜುವ ಪೇಸ್ಟು ಹಿಡಿದು ಓಡಿ ಬಂದರು. “ಹಚ್ಚಲೇ, ತಂಪಾಕ್ಕೈತಿ!”

ಹನಮಂತವ್ವ ಅವರ ಕೈಯನ್ನೇ ಸರಿಸಿದಳು. “ಏನೂ ಹಚ್ಚಬಾರದ್ರಿ! ಪೇಸ್ಟಲ್ಲ, ಶಾಹಿ ಅಲ್ಲ, ಎಣ್ಣಿ ಅಲ್ಲ. ನೀರು, ಬರೇ ನೀರು. ಇಪ್ಪತ್ತು ನಿಮಿಷ ಅಂತ ಉಸ್ಮಾನಕಾಕಾ ಹೇಳ್ಯಾನ.” ಸೀಮಾಳ ಬೆರಳಿನ ಉಂಗುರ, ಕೈಯ ಬಳೆ ಬಾವು ಬರುವ ಮುಂಚೆಯೇ ಸರಸರ ಕಳಚಿದಳು. ನಲ್ಲಿ ತಿರುವಿದಳು. ನಲ್ಲಿ ಬುಸ್ಸೆಂದಿತು, ಅಷ್ಟೆ. ಬೆಟಗೇರಿಯ ನಲ್ಲಿಗೆ ನೀರು ಬಂದು ಎಂಟು ದಿನವಾಗಿತ್ತು. ಅಂಗಳದ ಡ್ರಮ್ಮಿಗೆ ಕೈ ಅದ್ದಿದಳು. ಬಿಸಿಲಿಗೆ ಕಾದ ಆ ನೀರಿನಲ್ಲಿ ಮೊಟ್ಟೆ ಬೇಯಿಸಬಹುದಿತ್ತು.

ಆಗ ಅವಳ ಕಣ್ಣು ಹರವಿಯ ಕಡೆ ಹೋಯಿತು. ಸಾಹುಕಾರರ ಕಣ್ಣೂ ಅವಳ ಕಣ್ಣಿನ ಹಿಂದೆಯೇ ಹೋಯಿತು.

“ಏ ಹನಮೀ! ಅದು ನನ್ನ ಹರವಿ!”

“ಗೊತ್ತೈತ್ರಿ. ಇಲ್ಲಿ ಮತ್ತ ಯಾರ ಹರವಿ ಐತಿ?”

“ಮುಟ್ಟಬ್ಯಾಡ!”

“ಮುಟ್ಟಿ ಆತ್ರಿ.”

ಹರವಿಯನ್ನು ಸೊಂಟಕ್ಕಿಟ್ಟು ತಂದು, ಬಗ್ಗಿಸಿ, ಸಣ್ಣ ಧಾರೆಯಾಗಿ ಸೀಮಾಳ ಅಂಗೈ ಮೇಲೆ ಬಿಡತೊಡಗಿದಳು. ಕೆಳಗೊಂದು ತಗಡಿನ ಬುಟ್ಟಿ ಇಟ್ಟಳು; ಬುಟ್ಟಿ ತುಂಬಿದಾಗ ಕೈಯನ್ನು ಅದರಲ್ಲೇ ಮುಳುಗಿಸಿದಳು. ಅತ್ತಿತ್ತ ಕೆಲಸ ಮಾಡುತ್ತಿದ್ದವರೆಲ್ಲ ಕೈ ಬಿಟ್ಟು ಬಂದು ನಿಂತರು. ಸೀಮಾ ಅಳುವುದನ್ನು ಬಿಟ್ಟು ಸಾಹುಕಾರರ ಮುಖ ನೋಡತೊಡಗಿದಳು. ಅಲ್ಲಿ ಆಗ ನೋಡುವಂಥದ್ದು ಬಹಳವಿತ್ತು.

“ಸಾಕು ಬಿಡಲೇ ರಂಡೀ, ನೀರೆಲ್ಲಾ ಮುಗದ್ವು! ನಾ ಏನ ಕುಡೀಲಿ?”

ಹನಮಂತವ್ವ ಗೋಡೆಯ ಗಡಿಯಾರ ನೋಡಿದಳು. “ಇನ್ನ ಹನ್ನೊಂದ ನಿಮಿಷ ಅದಾವ್ರಿ.”

ದವಾಖಾನೆಯ ಡಾಕ್ಟರಮ್ಮ ಅಂಗೈ ನೋಡಿ, “ಯಾರು ನೀರು ಹಾಕಿದವರು? ಇಲ್ಲದಿದ್ದರೆ ಇದು ಇನ್ನೂ ಆಳಕ್ಕೆ ಹೋಗುತ್ತಿತ್ತು” ಅಂದು ಪಟ್ಟಿ ಕಟ್ಟಿದರು. ಸೀಮಾ ಹೊರಗೆ ಬಂದ ಮೇಲೆ ಹನಮಂತವ್ವ ಅವಳ ಇನ್ನೊಂದು ಕೈ ಹಿಡಿದು, “ಖಡು ಹಿಡದು ಬರೀಲಿಲ್ಲವ್ವಾ ನಾ. ನಂದಽ ತಪ್ಪು” ಅಂದಳು. “ನಿಂದು ಅರ್ಧಾ, ಕಪಾಟಿಂದು ಅರ್ಧಾ ಅಕ್ಕಾ” ಅಂದಳು ಸೀಮಾ.

ಅತ್ತ ಸಾಹುಕಾರರು ಮೈಲಿಗೆಯಾದ ಹರವಿಯನ್ನು ತಿಪ್ಪೆಗೆ ಎಸೆಯಲು ಹೇಳಿದ್ದರು. “ಎಸ್ಯಾಕ ಯಾಕ್ರಿ? ಕೆಟ್ಟಿದ್ದು ನಮಗ ಇರಲಿ” ಎಂದು ಹನಮಂತವ್ವ ಅದನ್ನು ಕೆಲಸದವರ ಕಡೆ ತಂದಿಟ್ಟಳು. ಮರುದಿನದಿಂದ ಕಾರಖಾನೆಯಲ್ಲಿ ಹದಿನಾಲ್ಕು ಮಂದಿ ತಣ್ಣೀರು ಕುಡಿದರು. ಸಾಹುಕಾರರು ಮಾತ್ರ ಬಿಸಿಲಲ್ಲಿ ಬಂದ ಬಾಟಲಿಯ ನೀರು ಕುಡಿದರು.

ಆ ಮರುದಿನ ಅವಳು ಟಾರ್ಚ್ ಮುಟ್ಟಲಿಲ್ಲ. ಬೆಂಚಿನ ಕೆಳಗೆ ಕೂತು ಕೌದಿ ಬಿಚ್ಚಿ ಹೊಲಿಯತೊಡಗಿದಳು.

“ಏನಿದು ನಾಟಕ?” ಸಾಹುಕಾರರು ಕೇಳಿದರು.

“ಬರಿಗೈಲೆ ಮಾಡೋ ಕೆಲಸಾ ಇದಽರಿ. ಆ ಟಾರ್ಚಿಗೆ ಕೈಗವಸು ಬೇಕಾಗ್ತಾವ.”

“ಅವು ಪೂಜಾದವು!”

“ಚರ್ಮದವಲ್ಲೇನ್ರಿ ಅವು?” ಹನಮಂತವ್ವ ದಾರ ಕಡಿದಳು. “ನಮ್ಮಪ್ಪ ಹದಾ ಮಾಡಿದ ಚರ್ಮ ತಂದು ನಿಮ್ಮ ಬಾಗಲದಾಗ ನಿಂತ್ರ ಮೂಗು ಮುಚಿಗೋತಿದ್ರಿ. ಈಗ ಗಾಜಿನ್ಯಾಗಿಟ್ಟು ಊದಿನಕಡ್ಡಿ ಬೆಳಗ್ತೀರಿ. ಅಪ್ಪ ಇರಬೇಕಿತ್ತು ನೋಡಾಕ.”

ಯಾರೋ ಕಿಸಕ್ಕೆಂದರು. ಎರಡು ದಿನದಲ್ಲಿ ಲಕ್ಕುಂಡಿಯ ಹಾಲಿನ ಸಂಘದವರು ತಾವು ಹೇಳಿ ಮಾಡಿಸಿದ ಐದು ಟ್ಯಾಂಕು ನೋಡಲು ಬರುವವರಿದ್ದರು. ಸಾಹುಕಾರರು ಬೀಗದಕೈಯನ್ನು ಅವಳ ಕೈಗೆ ಕೊಡದೆ ನೆಲಕ್ಕೆ ಎಸೆದರು. ಬೀಗಕ್ಕೆ ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ, ತೆರೆಯಿತು. ಕೈಗವಸು ತೊಟ್ಟು ಹನಮಂತವ್ವ ಬೆರಳು ಮಡಿಚಿದಳು. ಗೆಣ್ಣುಗಳ ಮೇಲಿನ ಒಣಗಿದ ಕುಂಕುಮ ಉದುರಿತು. ಯಾರೂ ನೋಡದಾಗ ಒಮ್ಮೆ ಮೂಗಿಗೆ ಹಿಡಿದಳು. ಊದಿನಕಡ್ಡಿಯ ಕೆಳಗೆ, ಬಹಳ ಕೆಳಗೆ, ಅಪ್ಪನ ತೊಟ್ಟಿಯ ವಾಸನೆ ಇತ್ತು. ಆಮೇಲೆ ಹೆಲ್ಮೆಟ್ ಇಳಿಸಿ ಟಾರ್ಚ್ ಎತ್ತಿಕೊಂಡಳು.

ಕೈಗವಸು ಬಂದರೂ ಬೆಸುಗೆ ಕಪ್ಪೇ ಬಂತು. ಎರಡು ದಿನದಲ್ಲಿ ಐದೂ ಟ್ಯಾಂಕು ನಿಂತವು. ಐದಕ್ಕೂ ಕರೀ ಹೊಲಿಗೆ. ಸಂಘದವರು ಬರುವ ದಿನ ಬೆಳಿಗ್ಗೆ ಉಸ್ಮಾನಸಾಬ ಕಪ್ಪು ಕನ್ನಡಕ ಹಾಕಿಕೊಂಡು ಆಟೋದಿಂದಿಳಿದ.

“ಕಾಕಾ, ಈಗಽ ಯಾಕ ಬಂದಿ? ಬೆಂಕಿ ನೋಡಬಾರದಲ್ಲ?”

“ನೋಡಬ್ಯಾಡ ಅಂದಾರ ಡಾಕ್ಟ್ರು. ಕೇಳಬ್ಯಾಡ ಅಂದಿಲ್ಲ.”

ಅವಳ ಕಡೆ ಬೆನ್ನು ಮಾಡಿ, ಗೋಡೆಯ ಕಡೆ ಮುಖ ಹಾಕಿ ಕುರ್ಚಿಯಲ್ಲಿ ಕೂತ. “ಹಚ್ಚು ಮಗಳ.” ಅವಳು ಹಚ್ಚಿದಳು. ಚಟ್, ಪಟ್, ಚಟಪಟ. ಎರಡು ಬೆರಳಿನಷ್ಟು ಹೋಗುವುದರೊಳಗೆ ಅವನು ಕೈ ಎತ್ತಿದ.

“ಸಾಕು. ಆರ್ಗಾನ್ ಇದ್ರ ಜೇನು ಹಾರಿದಂಗ ಗುಂಯ್ ಅನ್ನಬೇಕು. ಇದು ಒಗ್ಗರಣಿ ಸಪ್ಪಳಾ. ಸೂಜಿ ಹೆಂಗಾಗೇತಿ?”

ಆರಿದ ಮೇಲೆ ಸೀಮಾ ಬಗ್ಗಿ ನೋಡಿದಳು. “ಕರ್ರಗಾಗೇತಿ. ತುದಿ ಹೂಕೋಸಿನಂಗ ಒಡದೈತಿ.”

“ಮಗಳ, ನಿನ್ನ ಕೈದೇನೂ ತಪ್ಪಿಲ್ಲ. ಸಿಲಿಂಡರ್ ಮ್ಯಾಲ ಏನ ಬರದಾರ?”

“ಲಕ್ಷ್ಮಿ ಫೋಟೋ ಐತಿ.”

ಉಸ್ಮಾನಸಾಬ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಕಣ್ಣಿಗೆ ನೀರು ಬರಬಾರದೆಂದು ಡಾಕ್ಟರು ಹೇಳಿದ್ದು ನೆನಪಾಗಿ ನಗು ತಡೆದ. “ಲಕ್ಷ್ಮಿ ತಳಗ ಏನೈತೋ ಯಾರಾದ್ರೂ ನೋಡೀರೇನು?”

ಉತ್ತರ ಬರುವ ಮುಂಚೆ ಬಾಗಿಲಲ್ಲಿ ಟೆಂಪೋ ನಿಂತಿತು. ಹಾಲಿನ ಸಂಘದ ಅಧ್ಯಕ್ಷೆ ಮಾಳವ್ವ ಇಳಿದಳು. ಎಮ್ಮೆ ಕಟ್ಟಿ ಆರು ಮಕ್ಕಳನ್ನು ದಡ ಹಚ್ಚಿದವಳು. ಪಾತ್ರೆ ಕೊಳ್ಳುವಾಗ ಅಂಗಡಿಯವನ ಮಾತು ಕೇಳುವ ಚಟ ಅವಳಿಗಿರಲಿಲ್ಲ. ಸಾಹುಕಾರರು “ಬರ್ರಿ ಮಾಳವ್ವಾರ, ಕುಂಡ್ರಿ, ಚಾ ತರಸ್ತೇನಿ” ಅನ್ನುತ್ತಿರುವಾಗಲೇ ಅವಳು ಸೆರಗು ಸಿಕ್ಕಿಸಿ ಮೊದಲ ಟ್ಯಾಂಕಿನೊಳಗೆ ತೋಳು ಇಳಿಸಿ ಬೆಸುಗೆಯ ಉದ್ದಕ್ಕೂ ಬೆರಳೆಳೆದಳು. ಬೆರಳು ಕಪ್ಪಾಗಿ ಹೊರಬಂತು.

“ಇದರಾಗ ಹಾಲು ಹಾಕಿದ್ರ ಊರು ದಾಟೂದರಾಗ ಒಡದಿರತೈತಿ. ಸಕ್ಕರಿ ಅಂಟಿದಂಗ ಒರಟೊರಟ ಐತಿ ಒಳಗ. ಎಷ್ಟ ತೊಳದ್ರೂ ಸಂದ್ಯಾಗ ಜಿಡ್ಡು ಕುಂಡ್ರತೈತಿ. ಇದೇನ್ರೀ ಸಾವಕಾರ್ರ?”

“ಏನ ಮಾಡೂದ್ರಿ,” ಸಾಹುಕಾರರು ನಿಟ್ಟುಸಿರು ಬಿಟ್ಟರು. “ಪಾಪ ಬಡವರು ಅಂತ ಕೆಲಸಾ ಕಲಿಸಿದ್ರ ಹಿಂಗ. ಎಂಥೆಂಥಾ ಮಂದಿ ಕೈಯಾಗ ಏನೇನ ಕೊಡಬಾರದೋ ಅದನ್ನ ಕೊಟ್ಟೆ. ಇವತ್ತಽ ತಗದ ಹಾಕ್ತೇನಿ ಇಕೀನ್ನ.”

ಹನಮಂತವ್ವ ಎದ್ದಳು. ಕೈಗವಸು ಕಳಚಿ ಬೆಂಚಿನ ಮೇಲಿಟ್ಟು, ಹರವಿಯ ನೀರಿನಿಂದ ಕೈ ತೊಳೆದು, ಅಂಗಿಗೆ ಒರೆಸಿಕೊಂಡು ಸಿಲಿಂಡರಿನ ಹತ್ತಿರ ಹೋದಳು.

“ಏ! ದೇವರನ್ನ ಮುಟ್ಟಬ್ಯಾಡ! ಹೇಳ್ತೇನಿ ನೋಡು, ಮುಟ್ಟಬ್ಯಾಡ ದೇವರನ್ನ!”

ಅವಳು ಅವಸರ ಮಾಡಲಿಲ್ಲ. ಕೌದಿಯ ಹೊಲಿಗೆ ಬಿಚ್ಚುವ ಹಾಗೆ ಉಗುರಿನಿಂದ ನಾಲ್ಕೂ ಮೂಲೆ ಎಬ್ಬಿಸಿ, ಎಲ್ಲಿಯೂ ಹರಿಯದಂತೆ ಚಿತ್ರವನ್ನು ತೆಗೆದು, ಎರಡೂ ಕೈಯಿಂದ ಮಾಳವ್ವನ ಕೈಗೆ ಕೊಟ್ಟಳು.

“ಹಿಡಕೋರಿ ಯವ್ವಾ. ಈ ತಾಯಿನ್ನ ಇಷ್ಟ ದಿನಾ ಗ್ಯಾಸಿನ ಮುಂದ ನಿಂದ್ರಿಸಿ ಸುಳ್ಳ ಹೇಳಿಸ್ಯಾರ.”

ಚಿತ್ರವಿದ್ದ ಜಾಗದಲ್ಲಿ ಕಂಪನಿಯ ಚೀಟಿ ಇತ್ತು. ಸೀಮಾ ಪಟ್ಟಿ ಕಟ್ಟಿದ ಕೈ ಎದೆಗಿಟ್ಟುಕೊಂಡು ಬಗ್ಗಿ, ಶಾಲೆಯ ಮಗುವಿನ ಹಾಗೆ ಗಟ್ಟಿಯಾಗಿ ಓದಿದಳು. “ಆರ್ಗಾನ್ ಎಂಬತ್ತು ಪಾಲು. ಸಿಓಟೂ ಇಪ್ಪತ್ತು ಪಾಲು.”

“ಸಿಓಟೂ ಅಂದ್ರ?” ಮಾಳವ್ವ ಕೇಳಿದಳು.

“ಸೋಡಾದಾಗ ಬುರುಗು ಬರತೈತಲ್ಲವ್ವಾ, ಆ ಗ್ಯಾಸು,” ಕುರ್ಚಿಯಿಂದ ಉಸ್ಮಾನಸಾಬ ಹೇಳಿದ. “ಕಬ್ಬಿಣದ ಗೇಟು ಮಾಡೋ ಬ್ಯಾರೆ ಮಶಿನ್ನಿಗೆ ಅದು ನಡೀತೈತಿ. ಈ ಸೂಜಿಗೆ ಅದು ವಿಷ. ಇಲ್ಲಿ ಬರೇ ಆರ್ಗಾನಽ ಬೇಕು, ಟ್ಯಾಂಕಿನ ಒಳಗೂ ಹೊರಗೂ. ಸಾವಕಾರ್ರು ಸೋವಿ ಸಿಕ್ಕಿತಂತ ತಂದು ತಪ್ಪು ಹೆಣ್ಮಗಳ ಕೈ ಮ್ಯಾಲ ಹಾಕ್ಯಾರ.”

“ಗ್ಯಾಸ್ ಅಂದ್ರ ಎಲ್ಲಾ ಒಂದಽ!” ಸಾಹುಕಾರರು ಕೂಗಿದರು. “ಎಲ್ಲಾ ಗಾಳಿನಽ!”

“ಎಲ್ಲಾ ಒಂದಽ ಇದ್ರ ಹೆಸರು ಯಾಕ ಮುಚ್ಚಿದ್ರಿ?” ಅಂದಳು ಹನಮಂತವ್ವ.

ಈ ಸಲ ಕಿಸಕ್ಕೆಂದವರು ಒಬ್ಬರಲ್ಲ. ನಗು ಶೀಟಿನ ಮಾಡಿಗೆ ಬಡಿದು ವಾಪಸು ಬಂತು. ಮಾಳವ್ವ ನಗಲಿಲ್ಲ. ಲಕ್ಷ್ಮಿಯನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿ, ಬೆಂಚಿನ ಮೇಲೆ ಕಾಲು ಮಡಿಚಿ ಕೂತಳು. “ಖರೆ ಗ್ಯಾಸು ತರಸ್ರಿ. ನಾ ಇಲ್ಲೇ ಕುಂಡ್ರತೇನಿ. ಈ ತಂಗಿನಽ ಹಚ್ಚಬೇಕು, ನಾ ನೋಡಬೇಕು. ಇಲ್ಲಂದ್ರ ಹುಬ್ಬಳ್ಳಿಗೆ ಹೋಗ್ತೇನಿ. ಹೋಗೂ ಮುಂದ ದಾರ್ಯಾಗ ಸಿಕ್ಕೋರಿಗೆಲ್ಲಾ ಲಕ್ಷ್ಮಿ ಸುದ್ದಿ ಹೇಳ್ಕೋತ ಹೋಗ್ತೇನಿ.”

ಸಾಹುಕಾರರು ಫೋನು ಹಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಆರ್ಗಾನ್ ಬಂತು. ಸೀಮಾ ಚೀಟಿಯನ್ನು ಎರಡು ಸಲ ಓದಿದಳು. ಸಿಲಿಂಡರನ್ನು ನಿಲ್ಲಿಸಿ ಗೋಡೆಗೆ ಸರಪಳಿ ಬಿಗಿದರು, ಹಾಳಾದ ಸೂಜಿ ಎಸೆದು ಹೊಸದು ಹಾಕಿದರು, ಮೊದಲ ಟ್ಯಾಂಕಿನ ಕಪ್ಪು ಬೆಸುಗೆಯನ್ನೆಲ್ಲ ಕೊರೆದು ತೆಗೆದು ಅಂಚು ಒರೆಸಿದರು. ಹನಮಂತವ್ವ ಅಂಗಿಯ ಗುಂಡಿ ಕೊರಳ ತನಕ ಹಾಕಿ, ಕೈಗವಸು ತೊಟ್ಟು, ಟ್ಯಾಂಕಿನ ಮುಂದೆ ಕೂತಳು. ಟಾರ್ಚಿನ ಗುಂಡಿಯ ಮೇಲೆ ಬೆರಳಿಟ್ಟು ಸುತ್ತ ನೋಡಿದಳು.

“ಬೆಂಕಿ ನೋಡಬಾರದು. ಎಲ್ಲಾರೂ ಮಾರಿ ಆ ಕಡೆ ಮಾಡ್ರಿ. ಯವ್ವಾ, ನೀವು ಆಮ್ಯಾಲೆ ನೋಡೀರಂತ, ಬೆಸುಗಿ ಎಲ್ಲೂ ಹೋಗಂಗಿಲ್ಲ.”

ಮಾಳವ್ವ ತಿರುಗಿ ಕೂತಳು. ಸೀಮಾ ತಿರುಗಿದಳು. ಉಳಿದ ಮಂದಿಯೆಲ್ಲ ತಿರುಗಿದರು. ಸಾಹುಕಾರರು ಎದೆಯ ಮೇಲೆ ಕೈ ಕಟ್ಟಿ, ನೆಟ್ಟ ಕಣ್ಣಿನಿಂದ ಅವಳನ್ನೇ ನೋಡುತ್ತ ನಿಂತಿದ್ದರು.

“ನಿಮಗೂ ಹೇಳಿದ್ನಿರಿ ಸಾವಕಾರ್ರ. ಮಾರಿ ತಿರುವ್ರಿ.”

“ನನ್ನ ಕಾರಖಾನ್ಯಾಗ ನನಗಽ ಮಾರಿ ತಿರುವು ಅಂತಿಯೇನಲೇ?”

“ಕಾರಖಾನಿ ನಿಮ್ಮದು. ಕಣ್ಣೂ ನಿಮ್ಮವಽ. ಆದ್ರ ಇಲ್ಲಿ ಯಾರದಾದ್ರೂ ಕಣ್ಣು ಸುಟ್ರ ಕೆಟ್ಟ ಹೆಸರು ನನ್ನ ಕೈಗೆ ಬರತೈತಿ. ನೀವು ತಿರಗೂತನಕ ನಾ ಹಚ್ಚಂಗಿಲ್ಲ.”

ಅವಳು ಹಚ್ಚಲಿಲ್ಲ. ಕೂತೇ ಇದ್ದಳು. ಗೋಡೆಯ ಕಡೆಯಿಂದ ಮಾಳವ್ವನ ಧ್ವನಿ ಬಂತು. “ತಿರುಗ್ರಿ ಸಾವಕಾರ್ರ, ಎಮ್ಮಿ ಹಿಂಡೂ ಹೊತ್ತಾಕ್ಕೈತಿ ನಮಗ.”

ಸಾಹುಕಾರರು ಮೊದಲು ಕೊರಳು ತಿರುಗಿಸಿದರು, ಆಮೇಲೆ ಭುಜ, ಕಡೆಗೆ ಕಾಲು. ಸುಣ್ಣ ಹಚ್ಚಿದ ಗೋಡೆಗೆ ಮುಖ ಮಾಡಿ ನಿಂತರು. ಆ ಗೋಡೆಯ ಮೇಲೆ ನೋಡುವಂಥದ್ದೇನೂ ಇರಲಿಲ್ಲ.

ಹನಮಂತವ್ವ ಹೆಲ್ಮೆಟ್ ಇಳಿಸಿದಳು. ಟಾರ್ಚ್ ಗುಂಯ್ ಎಂದಿತು. ಗೋಡೆಯ ಮೇಲೆ ಸಾಹುಕಾರರ ನೆರಳು ಬಿದ್ದು ನಡುಗತೊಡಗಿತು. ಎರಡು ಸಲ ಅವರು ಹೊರಳಲು ನೋಡಿದರು. ಎರಡೂ ಸಲ ಸೀಮಾ, “ಇನ್ನೂ ಮುಗದಿಲ್ರಿ” ಅಂದಳು.

ಬೆಸುಗೆಯ ಗೆರೆ ಮೂರು ಮಾರು ಉದ್ದವಿತ್ತು. ಅದರ ಹಿಂದೆ ಇನ್ನೂ ನಾಲ್ಕು ಟ್ಯಾಂಕು ನಿಂತಿದ್ದವು. ಹನಮಂತವ್ವನಿಗೆ ಅವಸರವೇನೂ ಇರಲಿಲ್ಲ.